ಲಷ್ಕರೀ ಅಂಗಿಶಾಸ್ತ್ರ ಪ್ರವೇಶಿಕೆ

ವಸ್ತುಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿ ನಿಲ್ಲಿಸಲು ಒಬ್ಬ ಸಿಪಾಯಿ ಬೇಕು. ಸಿಪಾಯಿ ಸತ್ತು ಶತಮಾನ ಕಳೆದಿದೆ. ಅವನ ಅಂಗಿ ಅವನಿಗಿಂತ ಮುಂಚೆಯೇ ಹರಿದುಹೋಗಿದೆ. ಹೀಗಿರುವಾಗ ಹೊಸ ಅಂಗಿ ಹೊಲಿಸಿ ಹಳೆಯ ಸಿಪಾಯಿಯನ್ನು ಸಿದ್ಧಿಸಿಕೊಳ್ಳುವ ವಿದ್ಯೆಯೇ ಅಂಗಿಶಾಸ್ತ್ರ. ಯಾವ ಶಾಸ್ತ್ರಕ್ಕಾದರೂ ಮೊದಲು ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ ಇದಕ್ಕೆ ಅಧಿಕಾರಿ, ಇಂಚುಪಟ್ಟಿಯನ್ನು ಕೊರಳಿಗೆ ಹಾಕಿಕೊಂಡವನು. ವಿಷಯ, ಗುಂಡಿ. ಸಂಬಂಧ, ಗುಂಡಿಗೂ ಕಾಜಕ್ಕೂ ಇರುವಂಥದ್ದು. ಅದು ಎಷ್ಟೋ ಸಲ ಕೂಡಿಬರುವುದಿಲ್ಲ. ಪ್ರಯೋಜನ, ಮಂಜೂರಾದ ಹಣ ಮಾರ್ಚ್ 31ರೊಳಗೆ ಖರ್ಚಾಗುವುದು.

ಶಾಸ್ತ್ರಕ್ಕೆ ಕ್ಷೇತ್ರವೂ ಬೇಕಷ್ಟೆ. ಮೈಸೂರಿನ ಲಷ್ಕರ್ ಮೊಹಲ್ಲಾಕ್ಕಿಂತ ಯೋಗ್ಯವಾದದ್ದು ಸಿಗಲಾರದು. ಹೆಸರಿನಲ್ಲೇ ದಂಡು ಉಂಟು. ದಂಡು ಮಾತ್ರ ಇಲ್ಲ. ಅಶೋಕ ರಸ್ತೆಯಲ್ಲಿ ಹುಡುಕಿದರೆ ಒಂದು ಈಟಿಯೂ ಸಿಗದು, ಇರ್ವಿನ್ ರಸ್ತೆಯಲ್ಲಿ ಕುದುರೆಯ ಲದ್ದಿಯೂ ಇಲ್ಲ. ಪೂರ್ವಪಕ್ಷದವರು ಠಾಣೆಯ ಪೊಲೀಸರನ್ನು ತೋರಿಸಿ, ಇಗೋ ದಂಡು ಎಂದು ವಾದಿಸಬಹುದು. ಆದರೆ ಅವರ ಸಮವಸ್ತ್ರ ಅಸಲಿಯಾದ್ದರಿಂದ ಅದು ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಪ್ರಮಾಣಗಳಲ್ಲಿ ಮೊದಲನೆಯದು ಪ್ರತ್ಯಕ್ಷ. ಇದನ್ನು ಬೇಗ ಮುಗಿಸಬಹುದು, ಏಕೆಂದರೆ ನೋಡಲು ಏನೂ ಉಳಿದಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮರದ ಹುಲಿ ಲಂಡನ್ನಿಗೆ ಹೋಗಿ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಡೇರೆ ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ಸುಲ್ತಾನನ ಸಾಮಾನು ಲೂಟಿಯಾದ್ದರಿಂದ ಉಳಿಯಿತು. ಸಿಪಾಯಿಯ ಬೆವರು ನಾತದ ಅಂಗಿಯನ್ನು ಲೂಟಿ ಮಾಡುವ ಮನಸ್ಸು ಯಾರಿಗೂ ಬರಲಿಲ್ಲ.

ಆದ್ದರಿಂದ ಚಿತ್ರಪ್ರಮಾಣಕ್ಕೆ ಬರೋಣ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಪಡುವಣ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧವಿದೆ: ಪಲ್ಲಕ್ಕಿಯಲ್ಲಿ ಗಾಯಗೊಂಡ ಇಂಗ್ಲಿಷರ ಕರ್ನಲ್ ಬೇಲಿ, ಸುತ್ತ ಕೆಂಪು ಕೋಟಿನವರ ಚೌಕ, ಸಿಡಿದ ಮದ್ದಿನ ಬಂಡಿ, ಸಾಲುಸಾಲು ಸಿಪಾಯಿಗಳು. ಇದಕ್ಕಿಂತ ಇನ್ನೇನು ಬೇಕು ಎನ್ನುವವರು ಗ್ರಂಥಸಂಪಾದನೆ ಓದಿದವರಲ್ಲ. ಆ ಚಿತ್ರ ಒಮ್ಮೆ ಅಳಿಸಿತು; ವೆಲ್ಲೆಸ್ಲಿ ತಿದ್ದಿಸಿದ; ಮತ್ತೆ ಮಾಸಿತು; 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ಅಂದರೆ ಇವತ್ತು ನಾವು ನಕಲು ಮಾಡುವ ಕೋಟು, 1799ರಲ್ಲಿ ಸೋತವರು ನೆನಪಿಟ್ಟುಕೊಂಡ ಚಿತ್ರವನ್ನು ಗೆದ್ದವರು ದುಡ್ಡು ಕೊಟ್ಟು ಬರೆಸಿದ ಪಾಠಾಂತರ. ತೋಳು ಉದ್ದವೋ ಗಿಡ್ಡವೋ ಎಂದು ಅದರ ಮುಂದೆ ನಿಂತು ಜಗಳವಾಡುವವರಿಗೆ ನಮ್ಮ ನಮಸ್ಕಾರ.

ಇಲ್ಲೇ ಹುಲಿಯ ಪ್ರಶ್ನೆ ಏಳುತ್ತದೆ. ಟಿಪ್ಪುವಿನ ಕಾಲಾಳುಗಳ ಅಂಗಿ ನೇರಳೆ ಬಣ್ಣದ್ದು, ಅದರ ಮೇಲೆ ಬಿಳಿಯ ಗುರುತು, ಅದಕ್ಕೆ ಹುಲಿ ಅಂಗಿ ಎಂದು ಹೆಸರು. ಎದುರು ನಿಂತು ಕಾದಾಡಿದ ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಗುರುತು ಪಟ್ಟೆಯೋ ವಜ್ರಾಕಾರದ ಚುಕ್ಕೆಯೋ ಎಂಬಲ್ಲಿ ವಿದ್ವಾಂಸರು ಎರಡು ಪಂಗಡ. ಈ ವಿವಾದವನ್ನು ಮೊಹಲ್ಲಾದ ಕಟಿಂಗ್ ಮಾಸ್ಟರ್ ಒಬ್ಬರ ಮುಂದಿಟ್ಟರೆ ತೀರ್ಪು ತಕ್ಷಣ ಬರುತ್ತದೆ: "ಚುಕ್ಕೆ ಇದ್ರೆ ಅದು ಚಿರತೆ ಸಾರ್. ಅದಕ್ಕೆ ನೈಟಿ ಬಟ್ಟೆ ಬರುತ್ತೆ, ಮೀಟರ್ ಲೆಕ್ಕದಲ್ಲಿ ತರಿಸಿಕೊಡ್ತೀನಿ." ನೇರಳೆ ಹುಲಿಯನ್ನು ಮಾತ್ರ ಅವರು ಒಪ್ಪುವುದಿಲ್ಲ. ಪ್ರೇಕ್ಷಕರೂ ಒಪ್ಪುವುದಿಲ್ಲ, ಅವರು ಹುಲಿವೇಷ ನೋಡಿ ಬೆಳೆದವರು. ಹಳದಿ ಬಟ್ಟೆ, ಕರಿ ಪಟ್ಟೆ ಎಂದು ಎರಡೂ ಕಡೆಯವರು ಸಂಧಾನಕ್ಕೆ ಬಂದಲ್ಲಿಗೆ ಚರಿತ್ರೆ ಮುಗಿಯುತ್ತದೆ. ಹೊಲಿಗೆ ಯಂತ್ರದ್ದು. ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ, ಪೊಳ್ಳಿಲೂರು ಮುಗಿದು ಎಪ್ಪತ್ತೊಂದು ವರ್ಷವಾದ ಮೇಲೆ. ಇದನ್ನು ಕೇಳಿದ ಮಾಸ್ಟರ್, "ಕೈ ಹೊಲಿಗೆಗೆ ಮೂರು ಪಟ್ಟು ಆಗುತ್ತೆ" ಎಂದರು. ಶಾಸ್ತ್ರದಲ್ಲಿ ಇದನ್ನು ಬಾಧಕ ಪ್ರಮಾಣ ಎನ್ನುತ್ತಾರೆ.

ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬುದು ಅನುಮಾನ. ಎಲ್ಲಿ ಗಂಡಭೇರುಂಡವೋ ಅಲ್ಲಿ ಮೈಸೂರು ಅರಸರ ದಂಡು ಎಂಬುದು ಅದರ ಲಷ್ಕರೀ ರೂಪ. ಹಿತ್ತಾಳೆ ಗುಂಡಿಯಲ್ಲಿ ಎರಡು ತಲೆಯ ಹಕ್ಕಿ ಕಂಡರೆ ಸಾಕು, ಕೋಟನ್ನೆಲ್ಲ ಊಹಿಸಿಬಿಡಬಹುದು. ಆದರೆ ಇದು ಹೇತ್ವಾಭಾಸ. ಅದೇ ಹಕ್ಕಿ ಈಗ ಕರ್ನಾಟಕ ಸರ್ಕಾರದ ಲಾಂಛನದಲ್ಲೂ ಇದೆ. ವ್ಯತ್ಯಾಸ ಬೇಕಾದವರು ಅಕ್ಷರ ಓದಬೇಕು: ಅರಸರ ಲಾಂಛನದಲ್ಲಿ "ಸತ್ಯಮೇವೋದ್ಧರಾಮ್ಯಹಂ", ಈಗಿನದರಲ್ಲಿ ಅಶೋಕನ ಸಿಂಹ ಮತ್ತು "ಸತ್ಯಮೇವ ಜಯತೇ". ದಲಾಯತನ ಬಿಲ್ಲೆಯನ್ನು ತಂದು ಲ್ಯಾನ್ಸರ್ ಒಬ್ಬನ ಎದೆಗೆ ಚುಚ್ಚಿದರೆ ಅವನು 1918ರಲ್ಲೇ ಗಣರಾಜ್ಯಕ್ಕೆ ನಿಷ್ಠೆ ತೋರಿದಂತಾಗುತ್ತದೆ. ದೇಶಭಕ್ತಿಯ ದೃಷ್ಟಿಯಿಂದ ಆಕ್ಷೇಪಿಸುವಂತಿಲ್ಲ.

ಲ್ಯಾನ್ಸರುಗಳ ಮಾತು ಬಂತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೂಡಿ ಮೈಸೂರು ಲ್ಯಾನ್ಸರುಗಳು ಕುದುರೆಯ ಮೇಲೆ ಈಟಿ ಹಿಡಿದು ಹೈಫಾ ಪಟ್ಟಣವನ್ನು ಗೆದ್ದರು. ಎದುರಿಗೆ ಮೆಷಿನ್ ಗನ್ನುಗಳಿದ್ದವು. ದೆಹಲಿಯ ತೀನ್ ಮೂರ್ತಿಯಲ್ಲಿ ಮೈಸೂರು, ಜೋಧಪುರ, ಹೈದರಾಬಾದುಗಳಿಗೆ ಒಂದೊಂದರಂತೆ ಮೂರು ಕಂಚಿನ ಸಿಪಾಯಿಗಳಿದ್ದಾರೆ, 1922ರಲ್ಲಿ ಲೆನರ್ಡ್ ಜೆನ್ನಿಂಗ್ಸ್ ಮಾಡಿದ್ದು. ಪೇಟದ ಸುತ್ತು, ಕಾಲಿನ ಪಟ್ಟಿ ಎಲ್ಲ ಸ್ಪಷ್ಟ. ಆದರೆ ಕಂಚಿಗೆ ಬಣ್ಣವಿಲ್ಲ. ಆ ದಿನ ಅವರು ತೊಟ್ಟಿದ್ದು ಖಾಕಿ. ಈ ಒಂದು ಸತ್ಯ ಇಡೀ ಶಾಸ್ತ್ರವನ್ನು ಅಲ್ಲಾಡಿಸುತ್ತದೆ. ಸೇನೆಗೆ ಖಾಕಿ ನೇಯುತ್ತಿದ್ದ ಪೆರಂಬೂರಿನ ಬಿನ್ನಿಯವರ ಗಿರಣಿ ಮುಚ್ಚಿಹೋಗಿದೆ. ಬಟ್ಟೆ ಅಂಗಡಿಯಲ್ಲಿ ಸಿಗುವುದು ಟೆರಿಕಾಟ್. ಅದನ್ನೇ ಹೊಲಿಸಿ ಗಾಜಿನೊಳಗೆ ನಿಲ್ಲಿಸಿದರೆ, ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ನೇರ ಬಂದ ಪ್ರವಾಸಿ ಹೈಫಾ ವೀರನನ್ನು ನೋಡಿ ಚಾಮುಂಡಿ ಬೆಟ್ಟಕ್ಕೆ ಎಷ್ಟಾಗುತ್ತೆ ಎಂದು ಕೇಳುತ್ತಾನೆ.

ಹಾಗಾಗಿ ಎಲ್ಲರೂ ಕಡೆಗೆ ಶರಣಾಗುವುದು ಉಪಮಾನಕ್ಕೆ: ಗೋವಿನಂತೆ ಇರುವುದು ಗವಯ, ಮದುವೆ ಬ್ಯಾಂಡಿನವನಂತೆ ಇರುವವನು ಮಹಾರಾಜರ ಸಿಪಾಯಿ. ಕೆಂಪು ಕೋಟು, ಹೆಗಲ ಮೇಲೆ ಜರಿಯ ಕುಚ್ಚು, ಎದೆಗೆ ಅಡ್ಡಪಟ್ಟಿ. ಇದೇ ಕೋಟು ನಾಟಕದ ಡ್ರೆಸ್ ಬಾಡಿಗೆ ಅಂಗಡಿಯ ಮೂಲಕ ಶಾಲಾ ವಾರ್ಷಿಕೋತ್ಸವಗಳಿಗೂ ಹೋಗುತ್ತದೆ. ಬೆಳಿಗ್ಗೆ ಪೊಳ್ಳಿಲೂರಿನಲ್ಲಿ ಬೇಲಿಯಾಗಿ ಸೆರೆ ಸಿಕ್ಕು, ಮಧ್ಯಾಹ್ನ 1824ರ ಕಿತ್ತೂರಿನಲ್ಲಿ ಥ್ಯಾಕರೆಯಾಗಿ ಗುಂಡು ತಿಂದು, ಸಂಜೆ ವರಪೂಜೆಯಲ್ಲಿ ಕ್ಲಾರಿನೆಟ್ ಊದುವ ಕೋಟು ಜಗತ್ತಿನ ಯಾವ ಸೈನ್ಯದಲ್ಲೂ ಇದ್ದಿಲ್ಲ. ಅದು ಯಾವ ರೆಜಿಮೆಂಟಿನದು ಎಂದು ಕೇಳಬಾರದು. ಬ್ಯಾಂಡಿನ ವಾದ್ಯಗಳು ಬರುವುದು ಮೀರತ್ತಿನ ಜಾಲಿ ಕೋಠಿಯಿಂದ. ಅಧಿಕಾರ ಬರುವುದು ಕುಚ್ಚಿನಿಂದ.

ಅಣಕವನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಹೇಳುವುದಾದರೆ, ಮೈಸೂರಿನವರು ಪ್ರಮಾಣಕ್ಕಾಗಿ ಬಹಳ ದೂರ ಹೋಗಬೇಕಾಗಿಲ್ಲ. ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳಿವೆ, 1934ರಿಂದ 1945ರ ನಡುವೆ ಬರೆದವು, ಫೋಟೋಗಳನ್ನು ಆಧರಿಸಿ ಬರೆದವು. ಫೋಟೋದಲ್ಲಿ ಬಣ್ಣವಿರಲಿಲ್ಲ, ಆದರೆ ಬರೆದವರು ಇಲ್ಲಿಯವರೇ, ಮೆರವಣಿಗೆ ಅವರ ಕಣ್ಣೆದುರಿಗೇ ನಡೆಯುತ್ತಿತ್ತು. ಸವಾರರು, ಕಾಲಾಳುಗಳು, ವಾದ್ಯದವರು, ಯಾರ ನಡುಪಟ್ಟಿ ಯಾವ ಬಣ್ಣ ಎಂಬುದೆಲ್ಲ ಅಲ್ಲಿದೆ. ಅದು ಮೆರವಣಿಗೆಯ ಉಡುಪು, ಯುದ್ಧದ್ದಲ್ಲ, ಎಂಬಷ್ಟು ಎಚ್ಚರವಿದ್ದರೆ ಸಾಕು. ಸಮವಸ್ತ್ರ ಹೊಲಿಸುವ ಸಮಿತಿಗಳು ಟೆಂಡರ್ ಕರೆಯುವ ಮುಂಚೆ ಮಾಸ್ಟರನ್ನು ಜೊತೆಗೆ ಕರೆದುಕೊಂಡು ಒಂದು ಬೆಳಗು ಆ ಗೋಡೆಯ ಮುಂದೆ ನಿಂತರೆ ನಮ್ಮ ಶಾಸ್ತ್ರದ ಮುಕ್ಕಾಲು ಭಾಗ ಅನಗತ್ಯವಾಗುತ್ತದೆ.

ಉಳಿದ ಕಾಲು ಭಾಗ ಗೊಂಬೆಯದು. ಅಂಗಿ ಎಷ್ಟೇ ಶುದ್ಧವಾಗಿರಲಿ, ಅದನ್ನು ತೊಡುವುದು ಸೀರೆ ಅಂಗಡಿಯ ಪಕ್ಕದ ಸೂಟಿನ ಅಂಗಡಿಯಿಂದ ಬಂದ, ಗುಲಾಬಿ ಕೆನ್ನೆಯ, ಇಪ್ಪತ್ತೆಂಟು ಇಂಚು ಸೊಂಟದ ಬೊಂಬೆ. ಅದಕ್ಕೆ ಮೀಸೆ ಅಂಟಿಸಿದೊಡನೆ ಮೈಸೂರಿನವನಾಗಿಬಿಡುತ್ತದೆ ಎಂಬುದು ಈ ಶಾಸ್ತ್ರದಲ್ಲಿ ಇದುವರೆಗೆ ಯಾರೂ ಖಂಡಿಸದ ಏಕೈಕ ಸಿದ್ಧಾಂತ.

ಅನುಷ್ಠಾನಕ್ಕೆ ಇಳಿಯುವವರಿಗೆ ಒಂದು ಸೂಚನೆ. ಮಹಾನವಮಿ ಹತ್ತಿರವಾದ ಮೇಲೆ ಮೊಹಲ್ಲಾದ ಮಾಸ್ಟರುಗಳು ಹೊಸ ಅಳತೆ ತೆಗೆದುಕೊಳ್ಳುವುದಿಲ್ಲ, ಶ್ರಾವಣದಿಂದಲೇ ಮದುವೆ ಬಟ್ಟೆಗಳ ರಾಶಿ ಬಿದ್ದಿರುತ್ತದೆ. ಆಷಾಢದಲ್ಲೇ ಹೋಗಿ, ಗೊಂಬೆಯನ್ನೂ ಜೊತೆಗೆ ಒಯ್ಯಿರಿ.