ಕೋಳಿ ಇಲ್ಲದ ಕೋಳಿ

(ಹಾರೋಹಳ್ಳಿ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿ. ನಿವೃತ್ತ ವಿಜ್ಞಾನ ಮೇಷ್ಟ್ರು ನಾಯಿ ಆಹಾರದ ಪ್ಯಾಕೆಟ್ ತಿರುವಿ ನೋಡುತ್ತಿದ್ದಾರೆ.)

ಮೇಷ್ಟ್ರು: ಇದರಲ್ಲಿ ಕೋಳಿ ಇದೆಯೇನಪ್ಪಾ?

ಅಂಗಡಿಯವನು: ಚಿಕನ್ ಫ್ಲೇವರ್ ಐತೆ ಸಾ.

ಮೇಷ್ಟ್ರು: ಕೋಳಿ?

ಅಂಗಡಿಯವನು: ವಾಸನೆ ಐತಲ್ಲ! ಪ್ರೋಟೀನೂ ಬರೆದವ್ರೆ.

ಮೇಷ್ಟ್ರು: ನೈಟ್ರೋಜನ್ ಅಳೆದು 6.25ರಿಂದ ಗುಣಿಸಿದ ಲೆಕ್ಕ ಅದು. 2007ರಲ್ಲಿ ನಾಯಿ ಆಹಾರಕ್ಕೆ ಹೋಗುವ ಚೀನಾದ ಗೋಧಿ ಗ್ಲುಟೆನ್‌ಗೆ ಮೆಲಮಿನ್ ಬೆರೆಸಿದ್ದರು; ಅದರಲ್ಲಿ ಪ್ರೋಟೀನ್ ಇಲ್ಲ, ನೈಟ್ರೋಜನ್ ಮಾತ್ರ ಭರ್ತಿ. ಅಮೆರಿಕದಲ್ಲಿ ನಾಯಿ, ಬೆಕ್ಕುಗಳ ಕಿಡ್ನಿ ಕೆಟ್ಟವು. ಲೆಕ್ಕ ಮಾತ್ರ ಕೆಡಲಿಲ್ಲ.

ಅಂಗಡಿಯವನು: ನಮ್ಮಲ್ಲಿ ಬಿಐಎಸ್ ಮಾನದಂಡ ಐತೆ ಸಾ, ಐಎಸ್ 11968.

ಮೇಷ್ಟ್ರು: ಕಡ್ಡಾಯವೋ?

ಅಂಗಡಿಯವನು: ಕಂಪನಿಯೋರಿಗೆ ಮನಸ್ಸಿದ್ರೆ.

ಮೇಷ್ಟ್ರು: ನಮ್ಮ ಕರಿಯನಿಗೆ ಮುದ್ದೆ, ಬಾಡಿನ ಸಾರು ಹಾಕ್ತಿದ್ದೆ.

ಅಂಗಡಿಯವನು: ಮತ್ತೆ ನಿಲ್ಲಿಸಿದ್ಯಾಕೆ?

ಮೇಷ್ಟ್ರು: ‘ತಾತ, ಅದು ಬ್ಯಾಲೆನ್ಸ್ಡ್ ಡಯಟ್ ಅಲ್ಲ’ ಅಂದ ಬೆಂಗಳೂರಿನ ಮೊಮ್ಮಗ, ಚಿಕನ್ ಫ್ಲೇವರ್ ಚಿಪ್ಸ್ ತಿನ್ನುತ್ತಾ.