ರೆಪ್ಪೆಯ ಮೇಲೊಂದು ಬ್ರಾಂಡ್

ನಿಮ್ಮೊಡನೆ ಮಾತನಾಡುತ್ತಿರುವವರು ನಿಮ್ಮ ಕಣ್ಣನ್ನು ನೋಡದೆ ಕಣ್ಣಿನ ಅಂಚನ್ನೇ ನೋಡುತ್ತಿದ್ದರೆ ಅವರು ಒಂದೋ ಕಣ್ಣಿನ ಡಾಕ್ಟರು, ಇಲ್ಲವೇ ಬ್ಯೂಟಿ ಬ್ರಾಂಡಿನ ಫೌಂಡರ್. ಡಾಕ್ಟರು ಫೀಸು ತೆಗೆದುಕೊಂಡು ಬಿಟ್ಟುಬಿಡುತ್ತಾರೆ. ಫೌಂಡರ್ ಬಿಡುವ ಜಾತಿಯಲ್ಲ. ನೀವು ಮೊಣಕಾಲು ನೋವಿನ ವಿಷಯ ಹೇಳುತ್ತಿದ್ದರೂ ಅವರ ತಲೆಯಲ್ಲಿ ಓಡುತ್ತಿರುವುದು ನಿಮಗೆ ಕೃತಕ ರೆಪ್ಪೆಯ ‘ಸಿ ಕರ್ಲ್’ ಸರಿಯೋ ‘ಡಿ ಕರ್ಲ್’ ಸರಿಯೋ ಎಂಬ ಲೆಕ್ಕ.

ಕಲಬುರಗಿಯಲ್ಲಿ ಈಗ ಓಣಿಗೊಬ್ಬರು ಇಂಥವರಿದ್ದಾರೆ. ಹಿಂದೆಯೂ ಮನೆಯಲ್ಲೇ ಸೀರೆ ಮಾರುವ ಅಕ್ಕ, ಚೀಟಿ ಹಾಕಿಸುವ ವೈನಿ ಇದ್ದರು. ಅವರು ಮಾಲು ಕೊಡುತ್ತಿದ್ದರು, ಉದ್ರಿ ಬರೆದುಕೊಳ್ಳುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು. ಈಗಿನವರು ಮಾಲು ಮಾರುವುದಿಲ್ಲ, ಬ್ರಾಂಡ್ ಕಟ್ಟುತ್ತಾರೆ. ಚಹಾ ಮಾತ್ರ ಮೊದಲಿನಂತೆಯೇ ಕುಡಿಯುತ್ತಾರೆ.

ನನಗೆ ಗಂಟುಬಿದ್ದಿರುವ ಫೌಂಡರ್ ನನ್ನ ಅಣ್ಣನ ಮಗಳು. ಬ್ರಾಂಡಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪತ್ರಿಕೆಯಲ್ಲಿ ಹೆಸರು ಬರುವುದಕ್ಕೆ ಪಿಆರ್ ಎನ್ನುತ್ತಾರೆ, ಅದಕ್ಕೆ ರೊಕ್ಕ ಕೊಡಬೇಕಾಗುತ್ತದೆ ಎಂದು ಅವಳೇ ಹೇಳಿದ್ದಾಳೆ. ಆ ರೊಕ್ಕದ ಮಾತು ನನ್ನ ತನಕ ಇನ್ನೂ ಬಂದಿಲ್ಲ. ಬಿ.ಕಾಂ. ಮುಗಿಸಿ, ಬ್ಯೂಟಿ ಪಾರ್ಲರಿನ ಕೋರ್ಸ್ ಮಾಡಿಕೊಂಡು, ಒಂದು ದಿನ ಇದ್ದಕ್ಕಿದ್ದಂತೆ ಮನೆಮಂದಿಯನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿ, “ನಾ ರೆಪ್ಪಿಕೂದ್ಲ ಬ್ರಾಂಡ್ ಮಾಡ್ಲತ್ತೀನಿ” ಎಂದಳು. ನಮ್ಮ ಆಯಿಗೆ ಕಿವಿ ಮಂದ. “ರೊಟ್ಟಿ ಅಂಗಡೀನಾ? ಛೊಲೋ ಆತು ಬಿಡು” ಎಂದು ಹರಸಿದಳು.

ವ್ಯಾಪಾರದ ಮರ್ಮ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಚೀನಾದ ಶಾಂಡೋಂಗ್ ಪ್ರಾಂತ್ಯದಲ್ಲಿ ಪಿಂಗ್ಡು ಎಂಬ ಊರಿದೆ. ಜಗತ್ತಿನ ಕೃತಕ ರೆಪ್ಪೆಗಳಲ್ಲಿ ಬಹುಪಾಲು ಅಲ್ಲಿಂದಲೇ ಬರುತ್ತವೆ. ಅಲ್ಲಿನ ಕಾರ್ಖಾನೆಯವರಿಗೆ ನಿಮ್ಮ ಬ್ರಾಂಡಿನ ಹೆಸರು, ಡಬ್ಬಿಯ ಬಣ್ಣ, ಕನಿಷ್ಠ ಇಷ್ಟು ಡಬ್ಬಿ ಎಂಬ ಆರ್ಡರು ಕೊಟ್ಟರೆ ಮುಗಿಯಿತು. ಅದೇ ರೆಪ್ಪೆ ಪ್ಯಾರಿಸ್ಸಿಗೆ ಒಂದು ಹೆಸರಿನಲ್ಲಿ, ದುಬೈಗೆ ಇನ್ನೊಂದು ಹೆಸರಿನಲ್ಲಿ, ಕಲಬುರಗಿಗೆ ನಮ್ಮ ಹುಡುಗಿಯ ಹೆಸರಿನಲ್ಲಿ ಹೊರಡುತ್ತದೆ. ಇದಕ್ಕೆ ಪ್ರೈವೇಟ್ ಲೇಬಲ್ ಎನ್ನುತ್ತಾರೆ. ನಮ್ಮವಳು ಮೂರನೆಯ ಕ್ಲಾಸಿನಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ 4,500 ರೂಪಾಯಿ ಕಟ್ಟಿದಳು. ಸೌಂದರ್ಯದ ಸಾಮಾನುಗಳಿಗೆಲ್ಲ ಆ ಮೂರನೆಯ ಕ್ಲಾಸೇ ಅಂತೆ. ಮೂರನೇ ಕ್ಲಾಸಿನಲ್ಲಿ ಗಣಿತಕ್ಕೆ ಎಷ್ಟು ಮಾರ್ಕು ಬಂದಿತ್ತೆಂದು ಆಗ ನೆನಪಿಸಿದ್ದು ನನ್ನ ಸಣ್ಣತನ.

ಡಬ್ಬಿಯ ಮೇಲೆ ಬಂಗಾರದ ಅಕ್ಷರದಲ್ಲಿ ‘ಕಲಬುರಗಿಯಲ್ಲಿ ಹುಟ್ಟಿದ ಬ್ರಾಂಡ್’ ಎಂದಿದೆ. ಹೊರದೇಶದ ಮಾಲಿನ ಪೊಟ್ಟಣದ ಮೇಲೆ ಅದು ಯಾವ ದೇಶದ್ದೆಂದು ಹಾಕಲೇಬೇಕೆಂದು ಕಾನೂನಿದೆ, ಹೀಗಾಗಿ ತಳದಲ್ಲಿ ಚೀನಾದ ಹೆಸರೂ ಇದೆ. ಅದನ್ನು ಓದಲು ನನಗೆ ಕನ್ನಡಕವಲ್ಲದೆ ಟಾರ್ಚೂ ಬೇಕಾಯಿತು. “ಒಳಗಿಂದು ಮಿಂಕ್ ಪ್ರಾಣಿ ಕೂದ್ಲೇನು?” ಎಂದು ಕೇಳಿದೆ. ಡಬ್ಬಿಯ ಮೇಲೆ ಹಾಗೆಯೇ ಇತ್ತು. “ಮಿಂಕ್ ಅಲ್ರೀ ಕಾಕಾ, ಮಿಂಕ್ ಫೀಲ್” ಎಂದಳು. ನಿಜದಲ್ಲಿ ಅದು ಪಿಬಿಟಿ ಎಂಬ ಪ್ಲಾಸ್ಟಿಕ್ಕಿನ ಎಳೆ. ಹಲ್ಲುಜ್ಜುವ ಬ್ರಷ್ಷಿಗೂ ಅದನ್ನೇ ಬಳಸುತ್ತಾರೆ. ಇದನ್ನು ತಿಳಿದ ಮೇಲೆ ಕೆಲವು ದಿನ ಬೆಳಿಗ್ಗೆ ನನ್ನ ಬ್ರಷ್ಷು ನನ್ನನ್ನು ನೋಡಿ ರೆಪ್ಪೆ ಬಡಿದಂತಾಗುತ್ತಿತ್ತು.

ಅಣ್ಣನಿಗೆ ಇದಕ್ಕಿಂತ ದೊಡ್ಡ ಚಿಂತೆ ಹತ್ತಿತ್ತು. ಚೀನಾದಲ್ಲಿ ಬೆಳಗಿನ 9 ಆದಾಗ ನಮ್ಮಲ್ಲಿ 6.30. ಆ ಹೊತ್ತಿಗೆ ಸರಿಯಾಗಿ ಮಗಳ ಫೋನು ಟಿಂಗ್ ಎನ್ನುವುದು. ಒಮ್ಮೆ ಕಣ್ಣಿಗೆ ಬಿದ್ದದ್ದು: ‘ಗುಡ್ ಮಾರ್ನಿಂಗ್ ಡಿಯರ್, ಮೈ ಡಿಯರ್, ಆರ್ ಯೂ ದೇರ್ ಡಿಯರ್?’ ಅಣ್ಣ ಎದ್ದುಬಿದ್ದು ನನ್ನ ಮನೆಗೆ ಬಂದ. “ಯಾರ್ ಅಂವ? ಬೆಳಬೆಳಗ್ಗೆ ನನ್ ಮಗಳಿಗೆ ಡಿಯರ್ ಅನ್ನಾಂವ?” ಆಕೆ ಕಾರ್ಖಾನೆಯ ಸೇಲ್ಸ್ ವಿಭಾಗದ ಹೆಂಗಸು, ಗಿರಾಕಿಗಳನ್ನೆಲ್ಲ ಡಿಯರ್ ಎನ್ನುತ್ತಾಳೆಂದು ನಂಬಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಆಮೇಲೆ ಕೆಲವು ದಿನ ಅಣ್ಣ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರಿಗಳಿಗೂ ಡಿಯರ್ ಅನ್ನುತ್ತಿದ್ದನೆಂದು ಕೇಳಿದ್ದೇನೆ.

ಈ ಜಾತಿಯ ಇನ್ನೊಂದು ಲಕ್ಷಣ, ಇವರಿಗೆ ‘ಬ್ರಾಂಡ್ ಸ್ಟೋರಿ’ ಬೇಕು. ಮನೆಯಲ್ಲಿ ನಾಲ್ಕಕ್ಷರ ಬರೆಯುವವನಿದ್ದರೆ ಅವನು ಕೆಟ್ಟ. ಅವಳೇ ವಸ್ತು ಒದಗಿಸಿದಳು: ಕೆನಡಾದ ಅನ್ನಾ ಟೇಲರ್ ಎಂಬಾಕೆ 1911ರಲ್ಲೇ ಕೃತಕ ರೆಪ್ಪೆಗೆ ಪೇಟೆಂಟ್ ಪಡೆದಿದ್ದಳಂತೆ, ಅಲ್ಲಿಂದ ಎತ್ತಿಕೊಂಡು ಸೀದಾ ಕಲಬುರಗಿಗೆ ತರಬೇಕಂತೆ. ನಾನು ಕೊಪ್ಪಳದಿಂದ ಶುರುಮಾಡಿದೆ. ನಮ್ಮ ಓಣಿಗೆ ಈಗಲೂ ಸ್ಟೀಲ್ ಪಾತ್ರೆ ಹೊತ್ತು, ತಲೆಗೂದಲು ಕೇಳಿಕೊಂಡು ಬರುವವರಿದ್ದಾರೆ. ಹೆಂಗಸರು ಬಾಚಿದಾಗ ಉದುರಿದ್ದನ್ನು ಸುತ್ತಿ ಗೋಡೆಯ ಸಂದಿಯಲ್ಲಿ ತುರುಕಿಟ್ಟಿರುತ್ತಾರೆ. ಅದನ್ನು ಕೊಟ್ಟು ಒಂದು ವಾಟಗ ತೆಗೆದುಕೊಳ್ಳುತ್ತಾರೆ. ಅಂಥ ಕೂದಲು ಕೊಪ್ಪಳದ ಪಕ್ಕದ ಭಾಗ್ಯನಗರ ಸೇರುತ್ತದೆ. ಅಲ್ಲಿ ಸಿಕ್ಕು ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸಿ ಕಟ್ಟು ಕಟ್ಟುವುದೇ ಎಷ್ಟೋ ಮನೆಗಳ ಅನ್ನ. ಅಲ್ಲಿಂದ ಅದು ಚೀನಾಕ್ಕೂ ಹೋಗುತ್ತದೆ. ಅಲ್ಲಿ ವಿಗ್ಗಾಗುತ್ತದೆ, ಕೆಲವು ಸಲ ಕೃತಕ ರೆಪ್ಪೆಯೂ ಆಗುತ್ತದೆ. ಇದನ್ನೆಲ್ಲ ಮನಮುಟ್ಟುವಂತೆ ಎರಡು ಪುಟ ಬರೆದುಕೊಟ್ಟೆ. ಓದಿ, “ಛೊಲೋ ಅದ ಕಾಕಾ, ಆದ್ರ ಉದುರಿದ ಕೂದ್ಲದ ಮಾತು ಬ್ಯಾಡ, ಕಸ್ಟಮರ್ ಹೊಲಸ್ ಅಂತಾರ” ಎಂದು ಎರಡು ಪುಟವನ್ನು ಎರಡು ಸಾಲು ಮಾಡಿದಳು. ಆ ಎರಡೂ ಸಾಲು ನನ್ನವಲ್ಲ.

ರೆಪ್ಪೆಯ ಗೋಂದು ನಮ್ಮ ಫ್ರಿಜ್ಜಿನಲ್ಲಿದೆ. ಅಣ್ಣನ ಮನೆಯ ಫ್ರಿಜ್ಜು ಹಳೆಯದು, ತಂಪು ಹಿಡಿಯುವುದಿಲ್ಲ. ಇಲ್ಲಿನ ಬೇಸಿಗೆಯಲ್ಲಿ ಹೊರಗಿಟ್ಟರೆ ಗೋಂದು ಉಳಿಯುವುದಿಲ್ಲ. ಮೊಸರಿನ ಗಡಿಗೆಯ ಹಿಂದೆ ಸೀಸೆಗಳ ಸಾಲು. ಅದೇ ಫ್ರಿಜ್ಜಿನ ಬಾಗಿಲಲ್ಲಿ ಮೋತಿಬಿಂದು ಆಪರೇಷನ್ ಆದ ನಮ್ಮ ಮುತ್ಯಾನ ಕಣ್ಣಿನ ಡ್ರಾಪ್ಸೂ ಇತ್ತು. ಎರಡೂ ಅಷ್ಟಷ್ಟೇ ಗಾತ್ರ. ಈ ಗೋಂದು ಸೈನೊಅಕ್ರಿಲೇಟ್, ಮುರಿದ ಚಪ್ಪಲಿ ಅಂಟಿಸುವ ಗೋಂದಿನ ದಾಯಾದಿ. ಒಂದು ಸಂಜೆ ಬಂದ ಫೌಂಡರ್ ಎರಡೂ ಒಂದೇ ಕಡೆ ಇದ್ದುದನ್ನು ಕಂಡು ಬಾಯಿ ಮುಚ್ಚಿಕೊಂಡು ನಿಂತಳು. ಅಷ್ಟೊತ್ತು ಅವಳು ಸುಮ್ಮನಿದ್ದುದನ್ನು ನಾನು ನೋಡಿದ್ದು ಅದೇ ಮೊದಲು. ಅಂದೇ ಒಂದು ಸ್ಟೀಲ್ ಡಬ್ಬಿ, ಕೀಲಿ ತಂದು ಗೋಂದನ್ನೆಲ್ಲ ಒಳಗಿಟ್ಟು, ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆದಳು: ‘ಇದು ಔಷಧ ಅಲ್ಲ. ಮುತ್ಯಾ ಮುಟ್ಟಬಾರದು.’ ಮುತ್ಯಾನಿಗೆ ಓದಲು ಬರುವುದಿಲ್ಲವಾದ್ದರಿಂದ ಪಕ್ಕದಲ್ಲಿ ಒಂದು ಚೇಳು ಬರೆದಳು. ಮುತ್ಯಾ ಈಗ ಮೊಸರಿಗೂ ಕೈಹಾಕುವುದಿಲ್ಲ.

ಇಷ್ಟೆಲ್ಲ ಸಹಿಸಬಹುದು. ಸಹಿಸಲಾಗದ್ದು ಇವರು ಮದುವೆಗೆ ಬರುವುದು. ಫೌಂಡರ್ ಯಾವ ಮದುವೆಗೂ ಬರಿಗೈಯಲ್ಲಿ ಬರುವುದಿಲ್ಲ, ಅಂದರೆ ಮುಯ್ಯಿ ತರುತ್ತಾರೆಂದಲ್ಲ.

ಕಮಲಾಪುರದಲ್ಲಿ ಅವಳ ಕಾಲೇಜು ಗೆಳತಿಯ ಮದುವೆ, ಮೇ ತಿಂಗಳು. ಹುಮನಾಬಾದ ರಸ್ತೆಯಲ್ಲಿ ಒಂದು ತಾಸಿನ ಹಾದಿ. ಹಿಂದಿನ ದಿನ ಮಧ್ಯಾಹ್ನ ಐಸ್ ತುಂಬಿದ ಪೆಟ್ಟಿಗೆಯಲ್ಲಿ ಗೋಂದು, ಅದರ ಮೇಲೆ ಅವಳ ಚೀಲ, ಎಲ್ಲದರ ಕೆಳಗೆ ನನ್ನ ಸ್ಕೂಟರು. ರಾತ್ರಿ ಹೆಣ್ಣಿನ ಕೋಣೆಯಲ್ಲಿ ಕೆಲಸ ಶುರು. ಕಣ್ಣ ಕೆಳಗೆ ಪಟ್ಟಿ ಅಂಟಿಸಿ, ಎರಡು ಚಿಮಟ ಹಿಡಿದು, ಹೆಣ್ಣಿನ ಒಂದೊಂದು ರೆಪ್ಪೆಗೂದಲಿಗೆ ಒಂದೊಂದು ಎಳೆ. ಎರಡು ತಾಸಿನ ಕೆಲಸ. ಈ ಗೋಂದು ಒಣಗಲು ಗಾಳಿಯಲ್ಲಿ ತೇವ ಬೇಕಂತೆ. ಕಮಲಾಪುರದ ಮೇ ತಿಂಗಳಲ್ಲಿ ತೇವ ಎಲ್ಲಿಂದ ಬರಬೇಕು? “ಕೂಲರ್ ತರ್ರಿ” ಎಂದಳು. ತಂದರು. ಹುರುಪಿನ ಸೋದರಮಾವನೊಬ್ಬ ಎರಡು ಕೊಡ ನೀರು ಸುರಿದು ಪೂರ್ತಿ ಜೋರಿಗಿಟ್ಟ. ಈಗ ತೇವ ಹೆಚ್ಚಾಗಿ ಗೋಂದು ಚಿಮಟದ ಮೇಲೇ ಗಟ್ಟಿಯಾಗತೊಡಗಿತು. “ಕಮ್ಮಿ ಮಾಡ್ರಿ”, “ಹೆಚ್ಚ ಮಾಡ್ರಿ” ಎನ್ನುತ್ತ ನಡುರಾತ್ರಿಗೆ ಮುಗಿಸಿ ಅವಳು ಫರ್ಮಾನು ಹೊರಡಿಸಿದಳು: 24 ತಾಸು ರೆಪ್ಪೆಗೆ ನೀರು ತಾಗಬಾರದು, ಎಣ್ಣೆಯಂತೂ ಕೂಡದು.

ಬೆಳಿಗ್ಗೆ ಸುರಗಿ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಹೆಣ್ಣನ್ನು ಕೂಡಿಸಿ ಎಣ್ಣೆ ಅರಿಷಿಣ ಹಚ್ಚಿ ತಲೆಯ ಮೇಲೆ ನೀರು ಹಾಕುವ ಶಾಸ್ತ್ರ.

“ಆಯಿ, ಕುತ್ತಿಗಿ ತನಕ ಹಾಕ್ರಿ” ಎಂದಳು ನಮ್ಮ ಫೌಂಡರ್.

ಹೆಣ್ಣಿನ ಆಯಿ ತಂಬಿಗೆ ಕೆಳಗಿಟ್ಟಳು. “ಸುರಗಿ ನೀರು ತಲಿ ಮ್ಯಾಲ ಬೀಳ್ದೆ ಮದಿವಿ ಹೆಂಗಾಗ್ತದವ್ವಾ? ಇಕಿ ಏನು ಎಮ್ಮೀನಾ, ಕುತ್ತಿಗಿ ತನಕ ತೊಳಿಯಾಕ?”

ಮಾತಿಗೆ ಮಾತು ಬೆಳೆಯಿತು. ಹೆಂಗಸರು ಎರಡು ಪಕ್ಷವಾದರು. ಕೊನೆಗೆ ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬನ ಈಜುವ ಕನ್ನಡಕ ಪಂಚಾಯಿತಿ ಬಗೆಹರಿಸಿತು. ಹಸಿರು ಸೀರೆ, ಬಾಸಿಂಗ, ಕೈತುಂಬ ಬಳೆ, ಕಣ್ಣಿಗೆ ನೀಲಿ ರಬ್ಬರಿನ ಕನ್ನಡಕ. ಆಯಿ ತುಟಿ ಬಿಗಿಹಿಡಿದು, ಹಣೆಗೆ ಕೆನ್ನೆಗೆ ಹಚ್ಚಿದ ಮೇಲೆ ಆ ಕನ್ನಡಕದ ಎರಡೂ ಗಾಜಿಗೆ ಒಂದೊಂದು ಬೊಟ್ಟು ಅರಿಷಿಣ ಹಚ್ಚಿದಳು. ಶಾಸ್ತ್ರಕ್ಕೆ ಕುಂದು ಬರಲಿಲ್ಲ.

ಹೆಣ್ಣು ಕಳಿಸುವಾಗ ನಿಜವಾದ ಪೇಚು. ತವರು ಬಿಟ್ಟು ಹೊರಟ ಹೆಣ್ಣು ಅಳಬಾರದು ಎಂದರೆ! ಫೌಂಡರ್ ಕಾರಿನ ಬಾಗಿಲಿಗೇ ನಿಂತು ಟಿಶ್ಯೂ ಹಿಡಿದು ಪಿಸುಗುಡುತ್ತಿದ್ದಳು: “ಮ್ಯಾಲ ನೋಡು, ಮ್ಯಾಲ ನೋಡು, ಕಣ್ಣೀರ್ ವಾಪಸ್ ಹೋಗ್ತಾವ.” ಹೆಣ್ಣು ಆಕಾಶ ನೋಡಿದಳು. ಅವಳು ನೋಡಿದ್ದಕ್ಕೆ ಬೀಗರು ನೋಡಿದರು. ಬಾಜಾದವರು ನುಡಿಸುವುದು ಬಿಟ್ಟು ನೋಡಿದರು. “ವಿಮಾನ ಹೊಂಟದೇನು?” ಎಂದು ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. ಕಲಬುರಗಿಗೆ 2019ರಲ್ಲಿ ವಿಮಾನ ನಿಲ್ದಾಣ ಬಂದಾಗಿನಿಂದ ನಮ್ಮ ಕಡೆ ಯಾರು ತಲೆಯೆತ್ತಿದರೂ ಅದೇ ಅನುಮಾನ. ಕಾರು ಹೊರಟಿತು, ಹೆಣ್ಣು ಅಳಲಿಲ್ಲ, “ಕಲ್ಲು ಮನಸಿನಾಕಿ” ಎಂದು ಯಾರೋ ಅಂದದ್ದೂ ಕೇಳಿಸಿತು. ತಿರುಗಿ ನೋಡಿದರೆ ನಮ್ಮ ಫೌಂಡರೇ ಬಿಕ್ಕಿಬಿಕ್ಕಿ ಅಳುತ್ತಿದ್ದಾಳೆ. ಸ್ವಂತ ಬ್ರಾಂಡಿನ ರೆಪ್ಪೆ ಒಂದು ಕಣ್ಣಿನದು ಕಳಚಿ ಗಲ್ಲದ ಮೇಲೆ ಬಂದು ಕೂತಿತ್ತು. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು.

ಮರಳುವಾಗ ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣು ಕೊಂಡೆವು. ಕಮಲಾಪುರದ ಕೆಂಬಾಳೆಗೆ ಜಿಐ ಮಾನ್ಯತೆ ಇದೆ. ಉಳಿದ ಬಾಳೆಗಿಂತ ಹೆಚ್ಚು ತಿಂಗಳು ಹಿಡಿಯುವ ಬೆಳೆ, ದರವೂ ಹೆಚ್ಚು. ಆದರೆ ಬುಟ್ಟಿಯ ಮೇಲೆ ಹೆಸರಿಲ್ಲ, ಹಣ್ಣಿನ ಮೇಲೆ ಚೀಟಿ ಇಲ್ಲ. ಮುಸುಕು ಹೊದ್ದ ಮಾರುವಾಕೆ ಹಳೆಯ ಕಾಗದದಲ್ಲಿ ಸುತ್ತಿ ಕೊಟ್ಟಳು. ನಮ್ಮವಳು ಕಣ್ಣೊರೆಸಿಕೊಂಡು ಕೇಳಿದ ಮೊದಲ ಮಾತು: “ಇದಕ್ಕ ಡಬ್ಬಿ ಯಾಕ ಇಲ್ರೀ ಕಾಕಾ?”

ನನಗೆ ಅಣ್ಣ ನೆನಪಾದ. ಅವನು ಬದುಕು ಸವೆಸಿದ್ದು ದಾಲ್ ಮಿಲ್ಲಿನ ಲೆಕ್ಕದ ಪುಸ್ತಕದಲ್ಲಿ. ನಮ್ಮ ತೊಗರಿಬೇಳೆಗೂ 2019ರಲ್ಲಿ ಜಿಐ ಸಿಕ್ಕಿದೆ. ಆದರೂ ಅವನು ಲೆಕ್ಕ ಬರೆದು ಕಳಿಸಿದ ಬೇಳೆಯೆಲ್ಲ ಹೋದದ್ದು ಬೇರೆ ಊರಿನವರ ಹೆಸರು ಅಚ್ಚಾದ ಚೀಲಗಳಲ್ಲಿ. ಬೇಳೆ ನಮ್ಮದು, ಹೆಸರು ಅವರದು. ಮಗಳು ಅದನ್ನೇ ತಿರುವಿ ಹಾಕಿದ್ದಾಳೆ: ಮಾಲು ಅವರದು, ಹೆಸರು ನಮ್ಮದು. ಇದರಲ್ಲಿ ಮೋಸವೆಷ್ಟು, ಸೇಡೆಷ್ಟು ಎಂದು ಅಳೆಯುವ ಕೆಲಸ ನನಗೆ ಬೇಡ. ಆದರೆ ಅವಳ ಹತ್ತಿರ ಒಂದು ನೋಟ್‌ಬುಕ್ಕಿದೆ. ಯಾರಿಗೆ ಯಾವ ದಿನ ಗೋಂದಿನ ಪರೀಕ್ಷೆ ಮಾಡಿದಳು, ಮಾರನೆಯ ದಿನ ಏನಾಯಿತು ಎಂದು ಅದರಲ್ಲಿ ಬರೆದಿಡುತ್ತಾಳೆ. ಕೆಲವು ಹೆಸರುಗಳ ಮುಂದೆ ‘ಕಣ್ಣು ಕೆಂಪು. ಹಚ್ಚಿಲ್ಲ. ರೊಕ್ಕ ವಾಪಸ್’ ಎಂದಿದೆ. ಈ ನೋಟ್‌ಬುಕ್ಕು ಪಿಂಗ್ಡುವಿನಿಂದ ಬಂದದ್ದಲ್ಲ.

ಮೊನ್ನೆ ಅವಳು ನೆಲದ ಮೇಲೆ ಡಬ್ಬಿ ಹರಡಿಕೊಂಡು ಪ್ಯಾಕು ಮಾಡುತ್ತಿದ್ದಾಗ ಅಣ್ಣ ಒಂದು ಡಬ್ಬಿ ಎತ್ತಿ ಬಂಗಾರದ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ. ಕೆಮ್ಮಿದ. ಆಮೇಲೆ ಯಾರನ್ನೂ ನೋಡದೆ ಕೇಳಿದ: “ಹಿಂಗ ನಮ್ ಹೆಸರ್ಲೆ ಅರ್ಧ ಕಿಲೋ ಬ್ಯಾಳಿ ಪಾಕೀಟ್ ಮಾಡಿದ್ರ ಹೆಂಗ?”

ಅವಳು ತಲೆ ಎತ್ತಲಿಲ್ಲ. “ಮಾಡಮು ಅಪ್ಪಾಜಿ. ಪಾಕೀಟ್ ಮಿನಿಮಮ್ ಆರ್ಡರ್ ಎಷ್ಟು ಅಂತ ಮೊದಲ ಕೇಳ್ರಿ. ಬ್ರಾಂಡ್ ಸ್ಟೋರಿ ಕಾಕಾ ಬರೀತಾರ, ಪುಕ್ಕಟ್.”