ಶಿರಸ್ತೇದಾರ್ ರಾಯರ ಬೆಕ್ಕಿನ ಕಡತ

ಶಿರಸ್ತೇದಾರ್ ರಾಯರು ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿ 11 ವರ್ಷವಾಯಿತು. ತಾಲ್ಲೂಕು ಕಚೇರಿ ಮಾತ್ರ ಅವರಿಂದ ಇನ್ನೂ ನಿವೃತ್ತಿ ಪಡೆದಿಲ್ಲ. ತೆಂಗಿನಕಾಯಿ ಕೀಳುವವನು ಬಂದರೆ ಮರವೆಷ್ಟು, ಕಾಯೆಷ್ಟು ಎಂದು ಬರೆದು ರುಜು ಹಾಕಿಸಿಕೊಳ್ಳುತ್ತಾರೆ. ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ, ಮೊಮ್ಮಗನ ಪ್ರಗತಿಪತ್ರ ಎಲ್ಲಕ್ಕೂ ಒಂದೊಂದು ಕಡತ, ಕಡತಕ್ಕೊಂದು ಬಿಳಿ ದಾರ. ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಇಲ್ಲ ಅನ್ನಿಸಿದರೆ ಮನೆಯವರನ್ನು ಒಮ್ಮೆ ಕೇಳಿ ನೋಡಿ, ಬಹುಶಃ ಅದು ನೀವೇ.

ರಾಯರ ಮನೆಯಲ್ಲಿ ಗುಂಡಮ್ಮ ಎಂಬ ಬೂದು ಬಣ್ಣದ ಬೆಕ್ಕಿದೆ. "ನಾನು ಅದನ್ನು ಸಾಕಿಲ್ಲ. ಅದು ಬಗರ್‌ಹುಕುಂ" ಎನ್ನುವುದು ರಾಯರ ನಿಲುವು. 7 ವರ್ಷದ ಹಿಂದೆ ಹಿತ್ತಲ ಗೋಡೆ ಹಾರಿ ಬಂದು, ಮೊದಲು ತುಳಸಿಕಟ್ಟೆ, ಆಮೇಲೆ ಅಡುಗೆಮನೆ, ಕೊನೆಗೆ ರಾಯರ ಆರಾಮಕುರ್ಚಿಯ ತನಕ ಒತ್ತುವರಿ ಮಾಡಿಕೊಂಡವಳು ಅವಳು. "ಖಾಸಗಿ ಸ್ವತ್ತು ನೋಡಿ. ತಕರಾರಿಲ್ಲದೆ 12 ವರ್ಷ ಅನುಭವದಲ್ಲಿದ್ದರೆ ಹಕ್ಕು ಬರುತ್ತೆ. ಇನ್ನೈದು ವರ್ಷ ಕಳೆಯಲಿ, ಈ ಮನೆಗೆ ನಾನೇ ಬಾಡಿಗೆದಾರ" ಎಂದು ನಿಟ್ಟುಸಿರು ಬಿಡುತ್ತಾರೆ. ಬಿಡುತ್ತಲೇ ಅವಳ ಕತ್ತು ಕೆರೆಯುತ್ತಿರುತ್ತಾರೆ.

ಹೋದ ಮಳೆಗಾಲದಲ್ಲಿ ಅವರ ಸೊಸೆ ಒಂದು ಸಂಜೆ ದುಪಟ್ಟಾದಲ್ಲಿ ಏನನ್ನೋ ಸುತ್ತಿಕೊಂಡು ಬಂದಳು. ಬಿಚ್ಚಿದರೆ ಗುಂಡು ಬದನೆಕಾಯಿ ಗಾತ್ರದ ಕರಿಯ ಮರಿ. ಯಾವುದೋ ಕಾರಿನ ಇಂಜಿನ್ ಕೆಳಗೆ ಅಳುತ್ತಿತ್ತಂತೆ. ಸಾಸಿವೆ ಎಂದು ಹೆಸರೂ ಇಟ್ಟಾಗಿತ್ತು. "ನೋಡು ಗುಂಡಮ್ಮ, ತಂಗಿ ಬಂದಳು" ಎಂದು ಅದನ್ನು ನೇರ ಗುಂಡಮ್ಮನ ಮುಂದೆ ಇಳಿಸಿಬಿಟ್ಟಳು.

ಗುಂಡಮ್ಮನ ಬಾಲ ಬಾಟಲಿ ತೊಳೆಯುವ ಬ್ರಷ್ಷಾಯಿತು. ಕುಕ್ಕರ್ ಸೀಟಿಯಂಥ ಒಂದು "ಹಿಸ್ಸ್" ಹೊರಟಿತು. ಮರಿ ಸಿಲಿಂಡರ್ ಹಿಂದೆ, ಗುಂಡಮ್ಮ ಫ್ರಿಜ್ ಮೇಲೆ, ಹೆಪ್ಪು ಹಾಕಿದ್ದ ಹಾಲು ನೆಲದ ಮೇಲೆ. ಮಗ ಪೊರಕೆ ಎತ್ತಿಕೊಂಡ.

ಆಗ ರಾಯರು ಎದ್ದರು. "ಪೊರಕೆ ಕೆಳಗಿಡು! ಅವಳು ಬೈದಿಲ್ಲ, ತಕರಾರು ಅರ್ಜಿ ಕೊಟ್ಟಿದ್ದಾಳೆ. ಅರ್ಜಿದಾರರನ್ನು ಹೊಡೆಯೋ ಹಾಗಿಲ್ಲ. ಖಾತೆ ಬದಲಾವಣೆಗೇ ನಮ್ಮ ಕಾಲದಲ್ಲಿ 30 ದಿನ ನೋಟಿಸ್ ಕೊಡ್ತಿದ್ವಿ. ನೀವು 30 ಸೆಕೆಂಡೂ ಕೊಡಲಿಲ್ಲವಲ್ಲ!"

ಆ ರಾತ್ರಿಯೇ ಹೊಸ ಕಡತ ತೆರೆಯಿತು.

ಮೊದಲ ಆದೇಶ: ಮರಿ ಉಗ್ರಾಣದ ಕೋಣೆಯಲ್ಲಿ, ಬಾಗಿಲು ಹಾಕಿ. ಪಶುವೈದ್ಯರೂ ಅದನ್ನೇ ಹೇಳಿದರು. ಬೀದಿಯಿಂದ ಬಂದ ಮರಿ, ಜಂತುಹುಳದ ಔಷಧಿ, ಲಸಿಕೆ ಆಗಬೇಕು, ಕಾಯಿಲೆ ಇದ್ದರೆ ಹೊರಬೀಳಬೇಕು, ಅದಕ್ಕೆ ಎರಡು ವಾರ ಬೇರೆ ಇರಲಿ ಎಂದರು. ರಾಯರು ಅದನ್ನೇ ಬರವಣಿಗೆಯಲ್ಲಿ ಕೇಳಿ, ಎರಡು ಪ್ರತಿ ಪಡೆದರು.

ಎರಡು ಬೆಕ್ಕಿಗೆ ಕಕ್ಕಸಿನ ಮಣ್ಣು ತುಂಬಿದ ತಟ್ಟೆ ಮೂರಿರಬೇಕು, ತಲೆಗೊಂದು, ಮೇಲೊಂದು ಎಂದು ವೈದ್ಯರು ಸೇರಿಸಿದಾಗ ಮಾತ್ರ ರಾಯರ ಮುಖ ಕಪ್ಪಿಟ್ಟಿತು. "ವಠಾರದಲ್ಲಿ ನಾವು ನಾಲ್ಕು ಸಂಸಾರ ಒಂದೇ ಕಕ್ಕಸಿನಲ್ಲಿ ಬೆಳೆದವರು" ಎಂದು ದಾರಿಯುದ್ದಕ್ಕೂ ಗೊಣಗಿದರು. ಮೂರು ತಟ್ಟೆ ಕೊಂಡರು. ರಸೀದಿ ಕಡತಕ್ಕೆ ಸೇರಿತು.

ಎರಡನೆಯದು ವಾಸನೆಯ ವಿಲೇವಾರಿ. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಅದು ಬಾಗಿಲಿಗೂ ನಮ್ಮ ಕಾಲಿಗೂ ಮುಖ ಉಜ್ಜುವುದು ಬರೀ ಪ್ರೀತಿಗಲ್ಲ, "ಇದು ನನ್ನ ಸರಹದ್ದು" ಎಂದು ಕಲ್ಲು ನೆಡುವುದಕ್ಕೂ ಹೌದು. ಇದು ತಿಳಿದದ್ದೇ ರಾಯರಿಗೆ ಗುಂಡಮ್ಮನ ಮೇಲೆ ಇಲಾಖಾ ಗೌರವ ಮೂಡಿತು. ತಮ್ಮ ಮಂಕಿ ಕ್ಯಾಪನ್ನು ಅವಳ ಕೆನ್ನೆಗೆ ಉಜ್ಜಿ ಮರಿಯ ಕೋಣೆಗೆ ಕಳಿಸಿದರು. ಮರಿ ಮಲಗಿದ್ದ ಹಳೆ ಪಂಚೆಯ ತುಂಡು ಗುಂಡಮ್ಮನ ಮುಂದೆ ಬಂತು. ಅವಳು ಮೂಸಿದಳು. ಮೇಲ್ದುಟಿ ಎತ್ತಿ, ಬಾಯಿ ಅರ್ಧ ತೆರೆದು, ಪಕ್ಕದ ಮನೆಯಲ್ಲಿ ಸಾರು ಸೀದದ್ದು ಗೊತ್ತಾದವರ ಹಾಗೆ ಅರೆಗಳಿಗೆ ಸ್ತಬ್ಧಳಾದಳು. ಬೆಕ್ಕಿನ ಅಂಗುಳಿನಲ್ಲಿ ವಾಸನೆ ಓದಲೆಂದೇ ಇನ್ನೊಂದು ಅಂಗವಿದೆ, ಬಾಯಿ ತೆರೆದು ಗಾಳಿಯನ್ನು ಅಲ್ಲಿಗೆ ಮುಟ್ಟಿಸುತ್ತದೆ. "ದಾಖಲೆ ಪರಿಶೀಲನೆ ನಡೀತಿದೆ, ಯಾರೂ ಮಾತಾಡಬೇಡಿ" ಎಂದು ರಾಯರು ಪಿಸುಗುಟ್ಟಿದರು.

ಮೂರನೆಯದು ಸಹಪಂಕ್ತಿ. ಮುಚ್ಚಿದ ಬಾಗಿಲಿನ ಆಚೆ ಮರಿಯ ಬಟ್ಟಲು, ಈಚೆ ಗುಂಡಮ್ಮನ ಬಟ್ಟಲು. ಮೊದಲ ದಿನ ಅವಳದ್ದು ಬಾಗಿಲಿಂದ ಎಂಟು ಗೇಣು ದೂರ, ದಿನಕ್ಕೊಂದು ಗೇಣು ಹತ್ತಿರ. ಉಣ್ಣದೆ ಗುರುಗುಟ್ಟಿದರೆ ಮತ್ತೆ ಒಂದು ಗೇಣು ಹಿಂದಕ್ಕೆ. ಆ ವಾಸನೆ ಬಂದಾಗಲೆಲ್ಲ ಹೊಟ್ಟೆಗೂ ಒಳ್ಳೆಯದೇ ಬೀಳುತ್ತದೆ ಎಂಬುದು ಅವಳ ಮನಸ್ಸಿಗೆ ಹತ್ತಬೇಕು, ಅದೇ ಇದರ ಗುಟ್ಟು. ಗೇಣು ಅಳೆಯಲು ರಾಯರು ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಪಡಸಾಲೆಯಲ್ಲಿ ಮಂಡಿಯೂರುತ್ತಿದ್ದರು. ನೋಡಿದವರು ಯಾವ ಮಠದಲ್ಲೂ ಇಂಥ ಹೆಜ್ಜೆ ನಮಸ್ಕಾರ ಕಂಡಿಲ್ಲ ಎಂದರು.

ಈ ನಡುವೆ ಮೊಮ್ಮಗ ಇನ್ನೊಂದು ಸುದ್ದಿ ತಂದ. ಬೆಕ್ಕಿನ ಎದುರು ನಿಧಾನವಾಗಿ ಕಣ್ಣು ಕಿರಿದು ಮಾಡಿ ಮುಚ್ಚಿ ತೆರೆದರೆ ಅದೂ ಹಾಗೇ ಮಾಡುತ್ತದೆ, ಹತ್ತಿರಕ್ಕೂ ಬರುತ್ತದೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ್ದಾರೆ. ರಾಯರು ಜಗಲಿಯಲ್ಲಿ ಕೂತು ಅಭ್ಯಾಸ ಶುರುಮಾಡಿದರು. ಮೂರನೇ ದಿನ ಎದುರುಮನೆಯವರು ಬಂದು ಕಣ್ಣಿನ ಆಸ್ಪತ್ರೆಯ ವಿಳಾಸ ಕೊಟ್ಟು ಹೋದರು.

22ನೇ ದಿನ ಬಾಗಿಲು ತೆರೆಯಿತು. ನನ್ನನ್ನು ಪಂಚನಾಮೆಯ ಸಾಕ್ಷಿಯಾಗಿ ಕರೆದಿದ್ದರು. ಸಾಸಿವೆ ಬೆನ್ನು ಬಿಲ್ಲಾಗಿಸಿ, ಏಡಿಯ ಹಾಗೆ ಅಡ್ಡಡ್ಡ ಕುಪ್ಪಳಿಸುತ್ತ ಬಂತು. ಗುಂಡಮ್ಮ ಕೂತಲ್ಲೇ ಕೂತಿದ್ದಳು, ಬಾಲದ ತುದಿ ಮಾತ್ರ ಟಪ್ ಟಪ್ ಎನ್ನುತ್ತಿತ್ತು. ಮರಿ ಆ ತುದಿಯ ಮೇಲೇ ಹಾರಿತು. ಗುಂಡಮ್ಮ ಒಂದು ಸಣ್ಣ ಹಿಸ್ ಬಿಟ್ಟು, ಉಗುರು ಒಳಗಿಟ್ಟುಕೊಂಡೇ ತಲೆಗೊಂದು ಕೊಟ್ಟಳು. ಮರಿ ಕೂತಿತು. ಗುಂಡಮ್ಮ ಎರಡು ಸಲ ಅದರ ನೆತ್ತಿ ನೆಕ್ಕಿ, ಮಾಡಿದ್ದು ತಪ್ಪಾಯಿತೇನೋ ಎಂಬಂತೆ ಇನ್ನೊಂದು ಏಟು ಕೊಟ್ಟು ಎದ್ದುಹೋದಳು. ಪೇಪರನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದ ರಾಯರು ಅಲ್ಲಿಯ ತನಕ ಉಸಿರಾಡಿರಲಿಲ್ಲ.

ಕಾಫಿ ತಂದ ರಾಯರ ಹೆಂಡತಿ ಲೋಟ ಇಡುತ್ತ ಹೇಳಿದರು: "45 ವರ್ಷದ ಹಿಂದೆ ನಾನು ಈ ಮನೆಗೆ ಬಂದಾಗ ಸೇರು ಒದೆಸಿ, ಸೀದಾ ನಿಮ್ಮಮ್ಮನ ಅಡುಗೆಮನೆಗೆ ಬಿಟ್ಟಿರಿ. ನನಗೊಂದು ಉಗ್ರಾಣದ ಕೋಣೆ ಕೊಟ್ಟಿರಾ? ನಿಮ್ಮಮ್ಮನಿಗೆ ನನ್ನ ಸೆರಗು ಮೂಸಿಸಿದಿರಾ? ಆರು ವರ್ಷ ಹಿಸ್ ಅಂದರು."

ರಾಯರು ಕಾಫಿ ಆರಿಸುತ್ತಲೇ ಇದ್ದರು. ಕೊನೆಗೆ, "ಆಗ ಆ ಸುತ್ತೋಲೆ ಬಂದಿರಲಿಲ್ಲ ಕಣೇ" ಎಂದರು. ಅವರ 34 ವರ್ಷದ ನೌಕರಿಯಲ್ಲಿ ಅಷ್ಟು ಮೆತ್ತಗಿನ ದನಿಯಲ್ಲಿ ಯಾವ ಉತ್ತರವನ್ನೂ ಕೊಟ್ಟಿರಲಾರರು.

ಮೊನ್ನೆ ಮತ್ತೆ ಹೋಗಿದ್ದೆ. ಆರಾಮಕುರ್ಚಿಯ ಮೇಲೆ ಗುಂಡಮ್ಮ, ಕುರ್ಚಿಯ ಕೈ ಮೇಲೆ ಸಾಸಿವೆ, ಪಕ್ಕದ ಸ್ಟೂಲಿನ ಮೇಲೆ ರಾಯರು. "ಸ್ನೇಹ ಆಯ್ತಾ?" ಎಂದೆ. "ಸ್ನೇಹ ಅಂತ ಬರೆಯೋಕಾಗಲ್ಲ. ಜಂಟಿ ಖಾತೆ ಆಗಿದೆ" ಎಂದರು. ಸರಿ ಎಂದು ಒಳಗೆ ಕಾಲಿಡಹೋದೆ. ರಾಯರು ಕೈ ಅಡ್ಡ ಹಿಡಿದರು.

"ತಡೀರಿ, ನೀವು ಬಂದು ಎರಡು ತಿಂಗಳಾಯ್ತು. ನಿಮ್ಮ ಕರ್ಚೀಫು ಇಲ್ಲಿ ಕೊಟ್ಟು ಹೋಗಿ. ಗುರುವಾರ ಬನ್ನಿ, ತಕರಾರು ಬಂದಿದೆಯೋ ಇಲ್ಲವೋ ತಿಳಿಸ್ತೀನಿ."